ಬೆನ್ನ ಹಿಂದಿನ ಬೆಲ್ಟು

ಆಳಂದದ ಕೋರ್ಟಿನಲ್ಲಿ ಇಪ್ಪತ್ತೈದು ವರ್ಷ ಕರಿಕೋಟು ಹಾಕಿಕೊಂಡು ಓಡಾಡಿದವನು ನಾನು. ಕಾನೂನು ಹೀಗನ್ನುತ್ತದೆ, ಕಾನೂನು ಹಾಗನ್ನುತ್ತದೆ ಎಂದು ಊರ ಮಂದಿಗೆ ಹೇಳಿ ಹೇಳಿಯೇ ಹೊಟ್ಟೆ ಹೊರೆದವನು. ಅಂಥವನು ಇವತ್ತು ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಕಾನೂನಿಗೆ ಹಾಕಿದ ಅತಿ ದೊಡ್ಡ ಟೋಪಿ ಕೋರ್ಟಿನಲ್ಲಿ ಹಾಕಿದ್ದಲ್ಲ. ಸ್ವಂತ ಕಾರಿನಲ್ಲಿ, ಹೆತ್ತ ತಾಯಿಯ ಬೆನ್ನ ಹಿಂದೆ ಹಾಕಿದ್ದು. ಅದರ ನೋವು ಉಂಡವರು ಮಾತ್ರ ನಾನೂ ಅಲ್ಲ, ಅವ್ವನೂ ಅಲ್ಲ.

ಮೊದಲು ಕಾರಿನ ಹಕೀಕತ್ತು ಹೇಳಬೇಕು. ಎಪ್ಪತ್ತರ ದಶಕದಲ್ಲಿ ನಮ್ಮಪ್ಪ ಗುಲಬರ್ಗಾದ ಒಬ್ಬ ವ್ಯಾಪಾರಿಯಿಂದ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡರು. ಅದನ್ನು ಆಳಂದಕ್ಕೆ ತಂದು ಬಿಟ್ಟುಹೋಗಲು ಒಬ್ಬ ಡ್ರೈವರ್ ಬಂದ. ಹೆಸರು ಮೈಬೂಬ, ವಯಸ್ಸು ನನ್ನಷ್ಟೇ. ಬಂದವನು ಚಹಾ ಕುಡಿದ, ಊಟ ಮಾಡಿದ, ಕಾರಿನ ಗುಣಾವಗುಣಗಳನ್ನು ಅಪ್ಪನಿಗೆ ವಿವರಿಸಿದ. ಇದಕ್ಕೆ ಬೆಳಿಗ್ಗೆ ಸಿಟ್ಟು ಜಾಸ್ತಿ, ಎಬ್ಬಿಸುವಾಗ ಮೆಲ್ಲಗೆ ಎಬ್ಬಿಸಬೇಕು, ಏರಿನಲ್ಲಿ ಬೈಯಬಾರದು ಎಂದೆಲ್ಲ ಹೇಳಿದ. ಇಷ್ಟೊಂದು ತಿಳಿದವನು ನಮಗಿಂತ ಕಾರಿಗೇ ಹೆಚ್ಚು ಬೇಕು ಅನ್ನಿಸಿ ಅಪ್ಪ ಅವನನ್ನು ಇಟ್ಟುಕೊಂಡರು. ಅಪ್ಪ ಹೋದರು, ಆ ಕಾರೂ ಹೋಯಿತು, ಮೈಬೂಬ ಉಳಿದ.

ಆ ಕಾರಿನ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಿನ ಹಾಗಿತ್ತು. ಅದರಲ್ಲಿ ಎಷ್ಟು ಜನ ಕೂಡಬಹುದು ಎಂಬುದಕ್ಕೆ ನಮ್ಮಲ್ಲಿ ಲೆಕ್ಕವಿರಲಿಲ್ಲ, ನಂಟಸ್ತನವಿತ್ತು. ಹಿರೋಳ್ಳಿಯ ಒಂದು ಮದುವೆಗೆ ನಾವು ಒಂಬತ್ತು ಜನ ಹೋಗಿದ್ದೇವೆ, ಹತ್ತನೆಯದು ಲಾಡಿನ ಬುಟ್ಟಿ. ಸುರಕ್ಷತೆಯ ಏರ್ಪಾಡುಗಳು ಇರಲಿಲ್ಲ ಅನ್ನಬೇಡಿ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಬಾನೆಟ್ಟಿನ ಮೇಲೆ ಅವ್ವ ಎಳೆದ ಮೂರು ವಿಭೂತಿ ಪಟ್ಟೆ. ಒಳಗೆ ಗಾಜಿನ ಕೆಳಗೆ ಕುದುರೆ ಏರಿದ ಬಸವಣ್ಣನ ಸಣ್ಣ ಚಿತ್ರ, ಅದರ ಪಕ್ಕಕ್ಕೆ ಮೈಬೂಬ ಅಂಟಿಸಿದ ೭೮೬. ಇಬ್ಬರೂ ಅಷ್ಟು ಇಕ್ಕಟ್ಟಿನಲ್ಲಿ ತಕರಾರಿಲ್ಲದೆ ಇದ್ದರು.

ಇವೆಲ್ಲಕ್ಕಿಂತ ದೊಡ್ಡ ಏರ್ಪಾಡು ಮೈಬೂಬನ ಎಡಗೈ. ಎದುರಿಗೆ ಎಮ್ಮೆಯೋ ಸೈಕಲ್ಲೋ ಅಡ್ಡ ಬಂತೆನ್ನಿ, ಅವನ ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಎಡಗೈ ಸ್ಟೇರಿಂಗು ಬಿಟ್ಟು ಪಕ್ಕದಲ್ಲಿ ಕೂತವರ ಎದೆಯ ಮುಂದೆ ಅಡ್ಡ ನಿಲ್ಲುತ್ತಿತ್ತು. ಬಾಗಿಲಿಗೆ ಅಗಳಿ ಹಾಕಿದಂತೆ. ಅವನು ಯೋಚಿಸಿ ಮಾಡುತ್ತಿದ್ದದ್ದಲ್ಲ ಅದು. ಒಮ್ಮೆ ಪಕ್ಕದ ಸೀಟಿನಲ್ಲಿ ಉಳ್ಳಾಗಡ್ಡಿ ಚೀಲವಿತ್ತು, ಅದಕ್ಕೂ ಕೈ ಅಡ್ಡ ಬಂತು. ಇನ್ನೊಮ್ಮೆ ನಮ್ಮ ಮುನ್ಸೀಫ ಸಾಹೇಬರನ್ನು ಗುಲಬರ್ಗಾಕ್ಕೆ ಬಿಡಲು ಹೊರಟಿದ್ದೆವು. ಕೋರ್ಟಿನಲ್ಲಿ ಅವರೆದುರು ಕೆಮ್ಮಲಿಕ್ಕೂ ನಾನು ಹೆದರುತ್ತಿದ್ದೆ. ನರೋಣಾ ಕಡೆಯಿಂದ ಬಂದ ಲಾರಿಯೊಂದು ಒಮ್ಮೆಲೆ ತಿರುಗಿದಾಗ ಮೈಬೂಬನ ಕೈ ನ್ಯಾಯಾಂಗದ ಎದೆಗೆ ಹೋಗಿ ನಿಂತಿತು. ಸಾಹೇಬರು ಆ ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮುಂದೆ ಎರಡು ಕೇಸು ನಾನು ಸೋತೆ, ಅವು ಹೇಗೂ ಸೋಲುವ ಕೇಸುಗಳೇ ಆಗಿದ್ದವು ಅಂದುಕೊಳ್ಳಿ.

ಅವ್ವ ಯಾವಾಗಲೂ ಮುಂದೆಯೇ ಕೂಡುವವಳು. ಹಿಂದೆ ಕೂತರೆ ಅವಳಿಗೆ ತಲೆ ತಿರುಗುತ್ತಿತ್ತು. ಅವಳಿಗೆ ಅಡ್ಡ ಬಂದಾಗ ಮಾತ್ರ ಮೈಬೂಬನ ಕೈ ನಾಲ್ಕು ಬೆರಳು ದೂರದಲ್ಲಿ ನಿಲ್ಲುತ್ತಿತ್ತು, ಸೆರಗಿಗೂ ತಾಗುತ್ತಿರಲಿಲ್ಲ. ಅಷ್ಟು ಅವಸರದಲ್ಲೂ ಆ ಮರ್ಯಾದೆ ಅದಕ್ಕೆ ಹೇಗೆ ನೆನಪಿರುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಅವ್ವ ಆ ಕೈ ನೋಡಿ ನಗುತ್ತಿದ್ದಳು. ತೊಟ್ಟಿಲಾಗ ಕುಂದರಿಸಿದಂಗ ಕುಂದರಿಸ್ತಾನ ನೋಡು ನನ್ನ ಅನ್ನುತ್ತಿದ್ದಳು.

ತೊಂಬತ್ತರ ದಶಕದ ನಡುವಿಗೆ ನಾನು ಹೊಸ ಕಾರು ಕೊಂಡೆ. ಸಣ್ಣದು, ಬಿಳಿಯದು. ಮುಂದಿನ ಎರಡು ಸೀಟಿಗೂ ಒಂದೊಂದು ಕರಿ ಪಟ್ಟಿ ಜೋತಾಡುತ್ತಿತ್ತು. ಆ ಹೊತ್ತಿಗೆ ಬೆಲ್ಟಿನ ಕಾನೂನೂ ಬಂದಿತ್ತು. ಹೊಸ ಗಾಡಿಗೆ ಬೆಲ್ಟು ಇರಲೇಬೇಕು, ಮುಂದೆ ಕೂತವರು ಕಟ್ಟಿಕೊಳ್ಳಲೇಬೇಕು. ಆಳಂದದಲ್ಲಿ ಅದನ್ನು ಕೇಳುವವರಿರಲಿಲ್ಲ, ಗುಲಬರ್ಗಾದಲ್ಲಿ ಒಮ್ಮೊಮ್ಮೆ ಪೊಲೀಸರು ಕೈ ಮಾಡಿ ನಿಲ್ಲಿಸುತ್ತಿದ್ದರು. ನಮ್ಮ ವಕೀಲರ ಕೋಣೆಗೆ ಅಷ್ಟೇ ಸಾಕಾಯಿತು. ಕೇಸುಗಳಿಲ್ಲದ ಮಧ್ಯಾಹ್ನ, ಮಿರ್ಚಿ ಭಜಿ, ಎದುರಿಗೆ ಹೊಸದೊಂದು ಕಾನೂನು. ವಕೀಲನಿಗೆ ಇನ್ನೇನು ಬೇಕು?

ನಾನು ಕಾನೂನಿನ ವಿರುದ್ಧ ನಿಂತೆ. ಎದೆ ನನ್ನದು, ಕಾರು ನನ್ನದು, ಸತ್ತರೆ ಸಾಯುವವನು ನಾನು, ನಡುವೆ ಸರ್ಕಾರಕ್ಕೇನು ಕೆಲಸ ಎಂದೆ. ಇವತ್ತು ಎದೆಗೆ ಪಟ್ಟಿ ಕಟ್ಟಿದವರು ನಾಳೆ ಜೋಳದ ರೊಟ್ಟಿಯನ್ನು ಎಷ್ಟು ಸಲ ಅಗಿದು ನುಂಗಬೇಕು ಎಂದು ಕಾಯಿದೆ ತರುತ್ತಾರೆ ಎಂದೆ. ನಮ್ಮಲ್ಲಿ ಹಿರಿಯರಾದ ದೇಶಮುಖ ವಕೀಲರು ಭಜಿಯ ಎಣ್ಣೆಯನ್ನು ಹಳೆಯ ದಾವೆ ಕಾಗದಕ್ಕೆ ಒರೆಸುತ್ತ ಕೇಳಿದರು: ಗಾಡಿಗೆ ಬ್ರೇಕು ಇರಲೇಬೇಕು, ದೀಪ ಇರಲೇಬೇಕು ಅಂತ ಕಾನೂನು ಅದ. ಅದಕ್ಕ ನೀ ಯಾವಾಗರೆ ತಕರಾರು ಮಾಡೀಯೇನು? ನನ್ನ ಉತ್ತರ ತಯಾರಿತ್ತು. ಬ್ರೇಕು, ದೀಪ ಎರಡೂ ರಸ್ತೆಯ ಮೇಲಿನ ಇನ್ನೊಬ್ಬನನ್ನು ಕಾಯುವವು, ಕಾನೂನು ಅಲ್ಲಿ ಬರಬಹುದು. ಬೆಲ್ಟು ಕಾಯುವುದು ಕಟ್ಟಿಕೊಂಡವನನ್ನು ಮಾತ್ರ. ನಾನು ಕಟ್ಟದಿದ್ದರೆ ಇನ್ನೊಬ್ಬನ ಕೂದಲೂ ಕೊಂಕುವುದಿಲ್ಲ. ಅಲ್ಲಿಗೆ ಕಾನೂನು ಬರಬಾರದು. ಕೋಣೆಯಲ್ಲಿ ಎರಡು ಮಂದಿ ಹೌದ್ರಿ, ಹೌದ್ರಿ ಅಂದರು. ನನ್ನ ವಾದವನ್ನು ಯಾರಾದರೂ ಬರೆದುಕೊಂಡರೆ ಚೆನ್ನಾಗಿತ್ತು ಅನ್ನಿಸಿತು.

ದೇಶಮುಖರು ಅಷ್ಟಕ್ಕೇ ಬಿಡಲಿಲ್ಲ. ನೀನು ಹುಟ್ಟಿದಾಗ ಕೊರಳಿಗೆ ಲಿಂಗ ಕಟ್ಟಿದರಲ್ಲ, ಆಗ ನಿನ್ನ ಒಪ್ಪಿಗೆ ಕೇಳಿದ್ದರೇನು ಎಂದರು. ಕೇಳಿರಲಿಲ್ಲ. ತೊಟ್ಟಿಲಲ್ಲಿ ಮಲಗಿ ಕಾಲು ಬಡಿಯುತ್ತಿದ್ದವನಿಗೆ ಅಯ್ಯನವರು ಬಂದು ಕಟ್ಟಿ ಹೋದರು. ಐವತ್ತು ವರ್ಷ ಅದು ನನ್ನ ಎದೆಯ ಮೇಲಿದೆ, ಒಂದು ದಿನವೂ ಅದು ನನ್ನ ಸ್ವಾತಂತ್ರ್ಯಕ್ಕೆ ಅಡ್ಡ ಬಂತೆಂದು ಅನ್ನಿಸಿಲ್ಲ. ಅದು ಧರ್ಮ, ಇದು ಕಾಯಿದೆ ಎಂದೇನೋ ಅಂದೆ. ಚಹಾ ಆರುತ್ತಿದೆ ಎಂಬುದು ಅದೇ ಹೊತ್ತಿಗೆ ನನ್ನ ಗಮನಕ್ಕೆ ಬಂತು.

ಮನೆಗೆ ಬರುವಾಗ ಮಾತ್ರ ಮನಸ್ಸಿನಲ್ಲಿ ಒಂದು ಯೋಚನೆ ಕಾಡಿತು. ನಮ್ಮ ಅಜ್ಜ ಬಂಡಿ ಹೂಡುವಾಗ ಗಾಲಿಯ ಕೀಲು ಒಂದು ದಿನವೂ ಮರೆತವರಲ್ಲ. ಬಂಡಿಗೆ ಕೀಲು ಹಾಕತಕ್ಕದ್ದು ಎಂದು ಯಾವ ಸರ್ಕಾರವೂ ಹುಕುಂ ಹೊರಡಿಸಿದ್ದಿಲ್ಲ. ಯಾಕೆಂದರೆ ಕೀಲು ಮರೆತರೆ ಹತ್ತು ಮಾರಿಗೆ ಗಾಲಿ ಕಳಚಿ ಬೀಳುತ್ತದೆ, ಬುದ್ಧಿ ಆಗಲೇ ಬರುತ್ತದೆ. ಬೆಲ್ಟಿನ ಸ್ವಭಾವ ಬೇರೆ. ಅದನ್ನು ಮರೆತರೆ ಇವತ್ತು ಏನೂ ಆಗುವುದಿಲ್ಲ, ನಾಳೆಯೂ ಆಗುವುದಿಲ್ಲ, ಹತ್ತು ವರ್ಷವೂ ಆಗದಿರಬಹುದು. ಏನೂ ಆಗದ ಆ ದಿನಗಳೇ ಮನುಷ್ಯನಿಗೆ ತಪ್ಪು ಪಾಠ ಕಲಿಸುತ್ತವೆ. ಬುದ್ಧಿ ಬರಬೇಕಾದ ದಿನ ಬುದ್ಧಿ ಬರಲಿಕ್ಕೆ ತಲೆಯೇ ಉಳಿದಿರುವುದಿಲ್ಲ. ಅಂಥ ಕಡೆ ಕಾನೂನು ಬೇಕೋ ಏನೋ ಎಂದುಕೊಂಡೆ. ಆದರೆ ಅಷ್ಟು ಹೊತ್ತಿಗೆ ನಾನು ವಾದ ಗೆದ್ದಾಗಿತ್ತು. ಗೆದ್ದ ವಾದವನ್ನು ಮರುದಿನ ಹೋಗಿ ಹಿಂದಕ್ಕೆ ಕೊಡುವ ವಕೀಲನನ್ನು ನೀವು ನೋಡಿದ್ದೀರೇನು?

ಮೈಬೂಬನಿಗೆ ಬೆಲ್ಟು ಮೊದಲ ದಿನವೇ ಸೇರಿತು. ಅವನು ಅದನ್ನು ಪಟ್ಟಾ ಅನ್ನುತ್ತಿದ್ದ, ರುಮಾಲು ಸುತ್ತಿಕೊಳ್ಳುವಷ್ಟೇ ಶ್ರದ್ಧೆಯಿಂದ ಕಟ್ಟಿಕೊಳ್ಳುತ್ತಿದ್ದ. ತಕರಾರು ಬಂದದ್ದು ಅವ್ವನಿಂದ. ಅವ್ವನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಅವಳ ತವರಿನವರು ಮಾಡಿಸಿಕೊಟ್ಟದ್ದು, ಮಾವಿನಕಾಯಿ ಗಾತ್ರದ್ದು. ಉದ್ದನೆಯ ಶಿವದಾರದಲ್ಲಿ ಎದೆಯ ಕೆಳಭಾಗಕ್ಕೆ ಬರುತ್ತಿತ್ತು. ಬೆಲ್ಟು ಕಟ್ಟಿದ ಕೂಡಲೆ ಅದು ಸರಿಯಾಗಿ ಕರಡಿಗೆಯ ಮೇಲೆಯೇ ಬಂತು. ಕಾರು ಸ್ವಲ್ಪ ಕುಲುಕಿದರೆ ಸಾಕು, ಬೆಲ್ಟು ಕರಡಿಗೆಯನ್ನು ತಳ್ಳಿ ತಳ್ಳಿ ಮಡಿಲಿಗೆ ಇಳಿಸುತ್ತಿತ್ತು. ಲಿಂಗ ಹೊಕ್ಕಳಿಗಿಂತ ಕೆಳಗೆ ಇಳಿಯಬಾರದು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ಅಪ್ಪನ ಹಟ, ನೆಗಡಿ, ನನ್ನ ವಕೀಲಿಕೆ ಎಲ್ಲದರ ನಡುವೆ ಐವತ್ತು ವರ್ಷ ಅವ್ವ ಆ ನಿಯಮ ಮುರಿದವಳಲ್ಲ. ಊರ ಅಗಸಿ ಬಾಗಿಲು ದಾಟುವ ಮೊದಲೇ ಬೆಲ್ಟು ಬಿಚ್ಚಿಸಿದಳು.

"ನಿಮ್ಮ ಸರ್ಕಾರಕ್ಕ ಹೇಳು, ನನಗ ಕಾಯೋದು ಒಂದು ಆಗ್ಲೇ ಕಟ್ಟಿಕೊಂಡೀನಿ. ಎರಡೆರಡು ಬ್ಯಾಡ" ಅಂದಳು.

ಇಲ್ಲಿ ಒಬ್ಬ ಮಗನಾದವನು ಏನು ಮಾಡಬೇಕಿತ್ತು? ಶಿವದಾರ ಗಿಡ್ಡ ಮಾಡಿದರೆ ಹೇಗೆ ಎಂದು ಕೇಳಬಹುದಿತ್ತು. ಹಿಂದೆ ಕೂಡಿಸಿ, ತಲೆ ತಿರುಗದಂತೆ ನಿಂಬೆಹಣ್ಣು ಕೈಗೆ ಕೊಡಬಹುದಿತ್ತು. ಇನ್ನೇನೂ ಹೊಳೆಯದಿದ್ದರೆ ಕೈ ಮುಗಿದು ಬೇಡಿಕೊಳ್ಳಬಹುದಿತ್ತು. ಆದರೆ ನಾನು ಮಗನಂತೆ ಯೋಚಿಸಲಿಲ್ಲ, ವಕೀಲನಂತೆ ಯೋಚಿಸಿದೆ. ಬೆಲ್ಟು ಹಾಕಿರಬೇಕು ಅಂತ ತಾನೆ ಕಾನೂನು? ಹಾಕೋಣ. ಮೊದಲು ಖಾಲಿ ಸೀಟಿಗೆ ಬೆಲ್ಟು ಎಳೆದು ಖಟ್ಟನೆ ಸಿಕ್ಕಿಸಿಬಿಟ್ಟೆ. ಆಮೇಲೆ ಅವ್ವನನ್ನು ಅದರ ಮುಂದೆ ಕೂಡಿಸಿದೆ. ಬೆಲ್ಟು ಬೆನ್ನ ಹಿಂದೆ, ಅವ್ವ ಬೆಲ್ಟಿನ ಮುಂದೆ. ಮೇಲೆ ತಲೆತುಂಬ ಸೆರಗು ಹೊದ್ದರೆ, ಹೊರಗೆ ನಿಂತ ಪೊಲೀಸನಿಗೆ ಭುಜದ ಹತ್ತಿರದ ಕರಿ ಪಟ್ಟಿ ಮಾತ್ರ ಕಾಣುತ್ತದೆ, ಮುಂದಿನದೆಲ್ಲ ಸೆರಗಿನ ಮರೆ. ಕಾನೂನಿಗೂ ಸಮಾಧಾನ, ಲಿಂಗಕ್ಕೂ ಸಮಾಧಾನ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಕೋರ್ಟಿನಲ್ಲೂ ಅದನ್ನು ಹೇಳಿ ನಗಿಸಿದೆ, ಇನ್ನಿಬ್ಬರು ವಕೀಲರು ತಮ್ಮ ಮನೆಯಲ್ಲೂ ಹಾಗೇ ಮಾಡಿದರು.

ಮೈಬೂಬ ಮಾತ್ರ ನಗಲಿಲ್ಲ. ಇದು ಬರೋಬ್ಬರಿ ಅನಿಸೂದಿಲ್ಲರಿ ಸಾಹೇಬ್ರ ಎಂದು ಒಂದೇ ಒಂದು ಸಲ ಅಂದ. ನಾನು ಅವನಿಗೆ ಕಾನೂನಿನ ಅಕ್ಷರ ಯಾವುದು, ಆಶಯ ಯಾವುದು, ನಡುವಿನ ಸಂದಿ ಯಾವುದು ಎಂದು ಕಾಲು ಗಂಟೆ ವಿವರಿಸಿದೆ. ಅವನು ಎಲ್ಲ ಕೇಳಿ, ನಿಮಗ ಗೊತ್ತಿರ್ತದ ಬಿಡ್ರಿ ಅಂದ. ಆ ಮಾತು ನನಗೆ ಆಗ ಒಪ್ಪಿಗೆಯಂತೆ ಕೇಳಿಸಿತ್ತು.

ಅದರ ಮುಂದಿನ ತೊಗರಿ ರಾಶಿಯ ಕಾಲ. ಜೇವರ್ಗಿ ತಾಲ್ಲೂಕಿನ ಅಂದೋಲಾ ಅವ್ವನ ತವರು. ಅಲ್ಲಿ ಅವಳ ಅಣ್ಣನ ಮೊಮ್ಮಗಳ ಕುಬಸವಿತ್ತು. ಮೊದಲ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಒಯ್ಯಬೇಕು. ಅವ್ವ ಅವೆರಡನ್ನೂ ಒಂದು ಬುಟ್ಟಿಯಲ್ಲಿಟ್ಟುಕೊಂಡು, ಬುಟ್ಟಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು ಮುಂದೆ ಕೂತಿದ್ದಳು. ಬೆಲ್ಟು ಬೆನ್ನ ಹಿಂದೆ. ನಾನು ಹಿಂದಿನ ಸೀಟಿನಲ್ಲಿ ಪೇಪರು ಓದುತ್ತಿದ್ದೆ, ಅಂದರೆ ಮುಖದ ಮೇಲೆ ಹೊದ್ದುಕೊಂಡು ತೂಕಡಿಸುತ್ತಿದ್ದೆ.

ನಮ್ಮ ಕಡೆಯ ರಸ್ತೆಗಳನ್ನು ಆ ಕಾಲದಲ್ಲಿ ನೋಡದವರಿಗೆ ಒಂದು ಮಾತು ಹೇಳಬೇಕು. ತೊಗರಿ ಕೊಯ್ದ ಮೇಲೆ ರೈತರು ಗಿಡಗಳನ್ನು ತಂದು ಡಾಂಬರು ರಸ್ತೆಯ ಮೇಲೆಯೇ ಹಾಸುತ್ತಾರೆ. ಹೋಗಿಬರುವ ಬಸ್ಸು, ಲಾರಿ, ಕಾರುಗಳ ಗಾಲಿಗೆ ಸಿಕ್ಕು ಕಾಯಿ ಒಡೆದು ಕಾಳು ಬೀಳುತ್ತದೆ. ಸರ್ಕಾರ ಹಾಕಿಸಿದ ಕಣ, ಮಂದಿ ಓಡಿಸುವ ರೋಣಗಲ್ಲು. ಎಲ್ಲರೂ ಬೈಯುತ್ತ ಅದರ ಮೇಲೆಯೇ ಹೋಗುತ್ತಾರೆ. ನಮ್ಮ ಹೊಲದ ತೊಗರಿಯನ್ನೂ ನಾನು ಹಾಗೆಯೇ ತುಳಿಸಿದ್ದೇನೆ, ಆದ್ದರಿಂದ ರೈತರಿಗೆ ನಾನೇನೂ ಅನ್ನುವ ಹಾಗಿಲ್ಲ. ಆದರೆ ಒಣಗಿದ ಆ ಕಟ್ಟಿಗೆಯ ಮೇಲೆ ಗಾಲಿಗೆ ಹಿಡಿತವಿರುವುದಿಲ್ಲ, ಎಣ್ಣೆ ಚೆಲ್ಲಿದ ಫರಸಿ ನೆಲದ ಮೇಲೆ ನಡೆದ ಹಾಗೆ.

ಜೇವರ್ಗಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ರಸ್ತೆಯ ತುಂಬ ತೊಗರಿ. ಅಂಚಿನಲ್ಲಿ ಬಗ್ಗಿ ಮೊರಕ್ಕೆ ಕಾಳು ತುಂಬುತ್ತಿದ್ದ ಹೆಣ್ಣುಮಗಳೊಬ್ಬಳು ಸೊಂಟ ನೋವಿಗೋ ಏನೋ ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದಳು, ನೇರ ನಮ್ಮ ದಾರಿಗೆ. ಮೈಬೂಬ ಬ್ರೇಕು ಒತ್ತಿದ. ಇಪ್ಪತ್ತು ವರ್ಷದ ರೂಢಿಯಂತೆ ಅವನ ಎಡಗೈ ಸ್ಟೇರಿಂಗು ಬಿಟ್ಟು ಅವ್ವನ ಕಡೆ ಹೋಯಿತು. ಒಂದೇ ಕೈಗೆ ಉಳಿದ ಕಾರು ಆ ಕಟ್ಟಿಗೆಯ ಮೇಲೆ ಜಾರಿತು. ಹೆಣ್ಣುಮಗಳನ್ನು ತಪ್ಪಿಸಿಕೊಂಡು, ರಸ್ತೆ ಇಳಿದು, ಎರೆಹೊಲದ ಬದುವಿನ ಜಾಲಿಗಿಡಕ್ಕೆ ಹೋಗಿ ಬಡಿಯಿತು.

ನನ್ನ ಮೂಗು ಮುಂದಿನ ಸೀಟಿಗೆ ಬಡಿದು ಕಣ್ಣಿಗಿಟ್ಟ ಚಾಳೀಸು ಎರಡು ತುಂಡಾಯಿತು. ಅಷ್ಟೇ. ಕಣ್ಣು ಬಿಟ್ಟರೆ ಎಲ್ಲ ಮಸುಕು ಮಸುಕು, ನಡುವೆ ಅವ್ವನ ದನಿ. ನನಗೇನೂ ಆಗಿಲ್ಲ, ಮೈಬೂಬನ ಕೈ ನೋಡು ಅನ್ನುತ್ತಿದ್ದಳು. ಅವನ ಎಡಗೈ ಡ್ಯಾಶ್‌ಬೋರ್ಡಿಗೂ ಅವ್ವನಿಗೂ ನಡುವೆ ಸಿಕ್ಕಿತ್ತು. ಮೊಣಕೈಯಿಂದ ಮಣಿಕಟ್ಟಿನ ತನಕ ನೇರವಾಗಿರಬೇಕಾದ ಕೈ ನಡುವೆ ಬಾಗಿತ್ತು. ಈ ಸಲ ಅದು ನಾಲ್ಕು ಬೆರಳು ದೂರ ನಿಂತಿರಲಿಲ್ಲ. ಬುಟ್ಟಿ ಕಾಲ ಬಳಿ ಬಿದ್ದಿತ್ತು, ಸೀರೆಯಲ್ಲಿ ಸುತ್ತಿಟ್ಟ ಬಳೆ ಒಂದೂ ಒಡೆದಿರಲಿಲ್ಲ.

ತೊಗರಿ ಹಾಸಿದ್ದ ರೈತರೇ ಓಡಿ ಬಂದು ಜೀಪು ನಿಲ್ಲಿಸಿ ನಮ್ಮನ್ನು ಹತ್ತಿಸಿದರು. ಆ ಹೆಣ್ಣುಮಗಳು ಅಳುತ್ತ ಅವ್ವನ ಕಾಲು ಹಿಡಿಯಹೋದಳು, ಅವ್ವ ಅವಳನ್ನು ಎಬ್ಬಿಸಿ ನೀರು ಕೊಡಿಸಿದಳು. ಗುಲಬರ್ಗಾದ ಆಸ್ಪತ್ರೆಯ ತನಕ ಅವ್ವ ಕುಬಸದ ಹಸಿರು ಸೀರೆಯನ್ನು ಮಡಿಲಲ್ಲಿ ಮಡಿಚಿಟ್ಟು ಅದರ ಮೇಲೆ ಮೈಬೂಬನ ಕೈ ಇಟ್ಟುಕೊಂಡು ಕೂತಳು. ಕೈ ಬಾತುಕೊಂಡಂತೆ ಅದರ ಮೇಲೆ ಕೆಂಪನೆಯ ಗುರುತೊಂದು ಎದ್ದು ಬಂತು. ಅವ್ವನ ಕರಡಿಗೆ ಒತ್ತಿದ ಗುರುತು. ಅವ್ವ ಅದನ್ನು ನೋಡಿದಳು, ನಾನೂ ನೋಡಿದೆ.

ಕೈಗೆ ಪಟ್ಟಿ ಹಾಕಿಸಿ ಮಲಗಿಸಿದ ಮೇಲೆ ನಾನು ಅವನ ಪಕ್ಕ ಕೂತೆ. ಏನಾದರೂ ಮಾತಾಡಬೇಕಲ್ಲ ಎಂದು ಒಂದು ಮೂರ್ಖ ಪ್ರಶ್ನೆ ಕೇಳಿದೆ. ಈಗ ಹೊಸ ಗಾಡಿ, ಬೆಲ್ಟು ಎಲ್ಲ ಅದ, ಇನ್ನೂ ಯಾಕೆ ಕೈ ಅಡ್ಡ ಹಾಕಲಿಕ್ಕೆ ಹೋದಿ ಮಾರಾಯ ಎಂದೆ. ಅವನಿಗೆ ನನ್ನನ್ನು ಚುಚ್ಚಬೇಕೆಂದು ಇರಲೇ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ.

"ಬೆಲ್ಟು ಅವ್ವಾರ ಬೆನ್ನ ಹಿಂದ ಇತ್ತಲ್ಲರಿ ಸಾಹೇಬ್ರ. ಮುಂದ ಯಾರರೆ ಇರಬೇಕಿತ್ತಲ್ಲ."

ನಾನು ಕೋರ್ಟಿನಲ್ಲಿ ಎಷ್ಟೋ ಸಲ ಸೋತಿದ್ದೇನೆ. ಸೋತು ಹೊರಗೆ ಬಂದು ಪಾನ್ ಹಾಕಿಕೊಂಡು ನಕ್ಕಿದ್ದೇನೆ. ಅವತ್ತು ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಅತ್ತೆ. ನಾಚಿಕೆಗೆ ಅತ್ತೆ. ನಾನು ಕಟ್ಟದಿದ್ದರೆ ಇನ್ನೊಬ್ಬನ ಕೂದಲೂ ಕೊಂಕುವುದಿಲ್ಲ ಎಂದು ಭಜಿ ತಿನ್ನುತ್ತ ಹೇಳಿದವನು ನಾನೇ. ಇನ್ನೊಬ್ಬನ ಎರಡು ಎಲುಬು ಮುರಿದಿದ್ದವು.

ಎಲುಬು ಕೂಡಿಕೊಂಡವು. ಮೂರು ತಿಂಗಳಿಗೆ ಪಟ್ಟಿ ಬಿಚ್ಚಿದರು. ಆದರೆ ಮಣಿಕಟ್ಟು ಅರ್ಧಕ್ಕೆ ಮಾತ್ರ ತಿರುಗುತ್ತಿತ್ತು. ಡ್ರೈವರನಿಗೆ ಎಡಗೈ ಅಂದರೆ ಗೇರು. ಗೇರು ಹಾಕಲಾಗದ ಡ್ರೈವರು ಏನು ಮಾಡಬೇಕು? ಡಾಕ್ಟರು ತಿರುಗಿಸುತ್ತ ಇರಲಿ, ಬಂದರೂ ಬರಬಹುದು, ಬರದಿದ್ದರೂ ಬರದಿರಬಹುದು ಅಂದಿದ್ದರು. ಮನೆಯಲ್ಲೇ ಕೂತಿರು, ನಿನಗೇನೂ ಕಡಿಮೆ ಮಾಡುವುದಿಲ್ಲ ಎಂದು ನಾನು ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಕುಂತು ಉಣ್ಣೂದು ನನಗ ಆಗೂದಿಲ್ಲರಿ ಅಂದ. ದಿನಾ ಬೆಳಿಗ್ಗೆ ಬಂದು, ದುರಸ್ತಿಯಾಗಿ ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಕೂತು, ಬೆಲ್ಟು ಕಟ್ಟಿಕೊಂಡು, ನಿಂತ ಕಾರಿಗೇ ಗೇರು ಹಾಕುತ್ತಿದ್ದ. ಒಂದು, ಎರಡು, ಮೂರು. ಮೂರಕ್ಕೆ ಬಂದಾಗ ಅವನ ಮುಖ ಕಿವುಚಿಕೊಳ್ಳುತ್ತಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಆ ಮೂರು ತಿಂಗಳೂ ಆಮೇಲೂ ಅವಳು ಯಾವ ಊರಿಗೂ ಹೋಗಲಿಲ್ಲ. ಬೇರೆ ಡ್ರೈವರನ್ನು ಕರೆಯಲೇ ಎಂದರೆ ಬೇಡ ಅಂದಳು.

ನಾನು ವಕೀಲರ ಕೋಣೆಗೆ ಹೋಗಿ ನನ್ನ ವಾದವನ್ನು ಹಿಂದಕ್ಕೆ ತೆಗೆದುಕೊಂಡೆ. ದೇಶಮುಖರು ಚೇಷ್ಟೆ ಮಾಡುತ್ತಾರೆ ಎಂದು ತಯಾರಾಗಿಯೇ ಹೋಗಿದ್ದೆ. ಅವರು ಚೇಷ್ಟೆ ಮಾಡಲಿಲ್ಲ, ಮೈಬೂಬ ಈಗ ಹ್ಯಾಂಗಿದ್ದಾನ ಎಂದು ಮಾತ್ರ ಕೇಳಿದರು. ಅದು ಇನ್ನೂ ಕಷ್ಟವಾಯಿತು.

ಆ ದಿನಗಳಲ್ಲಿ ನಾನು ಬಹಳ ಯೋಚನೆ ಮಾಡಿದೆ. ನಿಮಗೆ ಬೇಸರವಿಲ್ಲದಿದ್ದರೆ ಹೇಳುತ್ತೇನೆ. ಎದೆ ನನ್ನದು ಅನ್ನುವುದು ನಿಜವೇ. ಆದರೆ ಆ ಎದೆ ಡ್ಯಾಶ್‌ಬೋರ್ಡಿಗೆ ಬಡಿಯಲಿ ಎಂದು ಸುಮ್ಮನೆ ನೋಡುತ್ತ ಕೂಡುವವರು ಲೋಕದಲ್ಲಿ ಕಡಿಮೆ. ಬೆಲ್ಟು ಇಲ್ಲದ ಕಡೆ ಯಾರದಾದರೂ ಕೈ ಅಡ್ಡ ಬರುತ್ತದೆ. ಹೆಂಡತಿಯದು, ಮಗನದು, ಸಂಬಂಧವೇ ಇಲ್ಲದ ಯಾವನೋ ಡ್ರೈವರನದು. ಪ್ರೀತಿಗೆ ಕಾನೂನು ಬೇಕಿಲ್ಲ, ಅದು ತಾನಾಗಿ ಕೈ ಚಾಚುತ್ತದೆ. ತೊಂದರೆ ಏನೆಂದರೆ ಅದು ಚಾಚುವುದು ಆ ಕ್ಷಣದಲ್ಲಿ. ಆ ಕ್ಷಣದಲ್ಲಿ ಕೈಗೆ ಬೇರೆ ಕೆಲಸವಿರುತ್ತದೆ. ಮೈಬೂಬನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದರೆ ಕಾರು ಜಾಲಿಗಿಡದ ತನಕ ಹೋಗುತ್ತಿತ್ತೋ ಇಲ್ಲವೋ. ಮೇಲಾಗಿ ಓಡುವ ಕಾರಿನಲ್ಲಿ ಒಂದು ಕೈ ಏನು ತಡೆದೀತು? ನಮ್ಮವ್ವ ಹಿಡಿ ಮೈಯವಳು, ಜೋಳದ ಅರ್ಧ ಚೀಲದಷ್ಟು ತೂಕ. ಅವಳ ಭಾರಕ್ಕೇ ಗಂಡಸಿನ ಕೈ ಮುರಿಯಿತು. ನನ್ನಂಥವನು ಕೂತಿದ್ದರೆ ಕೈಯೂ ಉಳಿಯುತ್ತಿರಲಿಲ್ಲ, ನಾನೂ ಉಳಿಯುತ್ತಿರಲಿಲ್ಲ. ಕಾನೂನಿಗೆ ಪ್ರೀತಿ ಇಲ್ಲ, ಒಪ್ಪಿದೆ. ಆದರೆ ಅದು ಮನೆ ಬಿಡುವ ಮೊದಲೇ, ಅಂಗಳದಲ್ಲೇ, ತಲೆ ತಣ್ಣಗಿರುವಾಗಲೇ ಯೋಚಿಸುತ್ತದೆ. ಅದಕ್ಕೇ ಬೆಲ್ಟು ಕಡ್ಡಾಯವಾಗಬೇಕು ಅನ್ನುತ್ತೇನೆ, ಹಿಂದಿನ ಸೀಟಿಗೂ ಆಗಬೇಕು. ನನ್ನ ಮೂಗು ಸಾಕ್ಷಿ ಹೇಳುತ್ತದೆ.

ಹಾಗೆಂದು ಕಾನೂನು ಬಂದರೆ ಎಲ್ಲ ಮುಗಿಯಿತು ಅಂದುಕೊಂಡರೆ ನನ್ನನ್ನು ನೋಡಿ. ಕಾನೂನು ಇತ್ತು, ಬೆಲ್ಟೂ ಇತ್ತು, ಖಟ್ಟನೆ ಹಾಕಿಯೂ ಇತ್ತು. ಎಲ್ಲ ಇದ್ದೂ ಒಂದು ಸೆರಗಿನ ಮರೆಯಲ್ಲಿ ನಾನು ಅದನ್ನು ಇಲ್ಲವಾಗಿಸಿದೆ. ಸರ್ಕಾರ ಅವ್ವನ ಕರಡಿಗೆಯನ್ನು ಕಂಡಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಅದನ್ನು ಕಂಡವನು ನಾನು. ಅವಳ ಲಿಂಗಕ್ಕೂ ಆ ಪಟ್ಟಿಗೂ ನಡುವೆ ಒಂದು ದಾರಿ ಹುಡುಕುವುದು ನನ್ನ ಕೆಲಸವಾಗಿತ್ತು. ನಾನು ಹುಡುಕಿದ್ದು ಪೊಲೀಸನನ್ನು ದಾಟುವ ದಾರಿ.

ಆ ದಾರಿಯನ್ನು ಕೊನೆಗೆ ಅವ್ವನೇ ಹುಡುಕಿದಳು. ಯಾರನ್ನೂ ಕೇಳಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಮೈಬೂಬ ಅಂಗಳದಿಂದಲೇ, ಅವ್ವಾರ, ನಾಕೂ ಗೇರು ಬೀಳಾಕತ್ಯಾವರಿ ಎಂದು ಹೇಳಿದ. ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ, ಭುಜದಿಂದಲೇ ಗೇರು ಹಾಕುವುದನ್ನು ಕಲಿತುಬಿಟ್ಟಿದ್ದ. ಅವ್ವ ಕೇಳಿಸಿಕೊಂಡು ಒಳಗೆ ಹೋದಳು. ಮರುದಿನ ಪೂಜೆಗೆ ಕೂತವಳು ಅಂಗೈಯ ಮೇಲಿನ ಲಿಂಗವನ್ನು ಮತ್ತೆ ಬೆಳ್ಳಿಯ ಕರಡಿಗೆಗೆ ಇಡಲಿಲ್ಲ. ಬಿಳಿ ವಸ್ತ್ರದಲ್ಲಿ ಸುತ್ತಿ, ಗಿಡ್ಡ ಶಿವದಾರ ಹಾಕಿ, ಗಂಟಲ ಕುಳಿಯ ಹತ್ತಿರ ಬರುವಂತೆ ಕಟ್ಟಿಕೊಂಡಳು. ನಮ್ಮ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬಗ್ಗಿ ಏಳುವಾಗ ಜೋತಾಡಬಾರದೆಂದು ಕಟ್ಟಿಕೊಳ್ಳುವುದು ಹಾಗೆಯೇ. ಬೆಳ್ಳಿ ಬಿಟ್ಟೆಯಲ್ಲ ಅವ್ವಾ ಎಂದೆ. ಲಿಂಗ ಬಿಟ್ಟಿಲ್ಲಲ್ಲ ಅಂದಳು. ಅಫಜಲಪುರಕ್ಕೆ ಮಗಳ ಮನೆಗೆ ಹೋಗಬೇಕು, ಗಾಡಿ ತೆಗೆಸು ಎಂದೂ ಅಂದಳು.

ಅವ್ವ ಮುಂದೆ ಕೂತಳು. ಬೆಲ್ಟನ್ನು ತಾನೇ ಎಳೆದುಕೊಂಡು, ಎರಡು ಸಲ ತಪ್ಪಿ, ಮೂರನೆಯ ಸಲ ಸಿಕ್ಕಿಸಿದಳು. ಸಹಾಯ ಮಾಡಲು ಚಾಚಿದ ನನ್ನ ಕೈಯನ್ನು ಸರಿಸಿದಳು. ಮೈಬೂಬ ಕನ್ನಡಿ ಸರಿ ಮಾಡಿಕೊಂಡ. ಐದು ತಿಂಗಳ ಮೇಲೆ ಕಾರು ಅಂಗಳ ಬಿಟ್ಟಿತು, ಮೆಲ್ಲಗೆ, ಮದುಮಗಳು ನಡೆದಂತೆ.

ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ಲಿನವನೊಬ್ಬ ಹಿಂದೆ ಮುಂದೆ ನೋಡದೆ ಅಡ್ಡ ಬಂದ. ಮೈಬೂಬ ಬ್ರೇಕು ಹಾಕಿದ, ಹಾಕುವಷ್ಟರಲ್ಲಿ ಅವನ ಎಡಗೈ ಮೇಲೆದ್ದಿತು. ಪೂರ್ತಿ ತಿರುಗದ ಆ ಕೈ, ಸೊಟ್ಟಗೆ, ಅವ್ವನ ಎದೆಯ ಮುಂದೆ ಬಂದು ನಾಲ್ಕು ಬೆರಳು ದೂರದಲ್ಲಿ ನಿಂತಿತು. ಅವ್ವ, ಆಸ್ಪತ್ರೆಯ ದಾರಿಯಲ್ಲಿ ಬಿಟ್ಟರೆ ಅಷ್ಟು ವರ್ಷ ಮುಟ್ಟದ ಆ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದು, ಒಯ್ದು, ಸ್ಟೇರಿಂಗಿನ ಮೇಲೆ ಇಟ್ಟಳು.

"ಈ ಕೆಲಸಕ್ಕ ಬ್ಯಾರೆಯವರನ್ನ ಇಟ್ಟೀನಿ" ಅಂದಳು. "ನೀ ಇನ್ನ ದಾರಿ ನೋಡ್ಕೊಂಡು ಹೋಗಪ್ಪ."